ಒಂದೇ ಗಂಟೆಯ ರಾಯರು

ಶಿವಮೊಗ್ಗದಲ್ಲಿ ಈ ತಳಿಯ ರಾಯರು ಕಾಣಿಸಿಕೊಂಡಿದ್ದು 2023ರಲ್ಲಿ. ಆ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು, ಆಗಸ್ಟ್ 31ಕ್ಕೆ ಬೆಂಗಳೂರಿನ ವಿಮಾನ ಬಂದಿಳಿಯಿತು. ಅಲ್ಲಿಯವರೆಗೆ "ಬೆಂಗಳೂರಿಗೆ ಎಷ್ಟು ಹೊತ್ತು?" ಎಂದರೆ ಅರಸೀಕೆರೆಯ ಕಾಫಿಯನ್ನೂ ಸೇರಿಸಿ ಉತ್ತರ ಕೊಡುತ್ತಿದ್ದ ನಿವೃತ್ತ ರಾಯರು ಈಗ "ಒಂದೇ ಗಂಟೆ ಮಾರಾಯ್ರೆ" ಅನ್ನುತ್ತಾರೆ.

ರಸ್ತೆಯಲ್ಲಿ ಸುಮಾರು 300 ಕಿ.ಮೀ. ಇರುವ ದಾರಿ, ನಕ್ಷೆಯ ಮೇಲೆ ನೆಟ್ಟಗೆ ಗೆರೆ ಎಳೆದರೆ ಹೆಚ್ಚುಕಡಿಮೆ 240. ಉಳಿದ ಅರವತ್ತು ಯಾರೋ ಕಂಟ್ರಾಕ್ಟರು ನುಂಗಿದ್ದೆಂದೇ ರಾಯರ ಗುಮಾನಿ. "ತಿಪಟೂರಿಗೆ ಹೋಗುವವನು ತಿಪಟೂರಿಗೆ ಹೋಗಲಿ, ನನ್ನನ್ನೇಕೆ ಸುತ್ತಿಸಬೇಕು?"

ಎಟಿಆರ್ ವಿಮಾನದ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಭಾಗಿಸಿದರೆ ಅರ್ಧ ಗಂಟೆ ಸಾಕು. ಹಾಗಾದರೆ ಟಿಕೆಟ್ಟಿನಲ್ಲಿ ಅದರ ಎರಡರಷ್ಟು ಯಾಕಿದೆ ಅಂತ ಯಾರಾದರೂ ಕೇಳಲೆಂದೇ ರಾಯರು ಮದುವೆಮನೆಯ ಪಂಕ್ತಿಯಲ್ಲಿ ಕಾದು ಕೂತಿರುತ್ತಾರೆ. ಕೇಳಿದಿರೋ, ನಿಮ್ಮ ಎಲೆಯ ಮೇಲಿನ ಸಾರು ಆರಿತೆಂದೇ ಲೆಕ್ಕ. ವಿಮಾನದ ಹೊತ್ತು ಎಣಿಸುವುದು ನೆಲ ಬಿಟ್ಟಾಗಿನಿಂದಲ್ಲ. ನಿಂತ ಜಾಗದಿಂದ ಚಕ್ರ ಕದಲಿದ್ದರಿಂದ ಹಿಡಿದು ಆ ಕಡೆ ಹೋಗಿ ನಿಲ್ಲುವವರೆಗೆ. ರನ್‌ವೇವರೆಗಿನ ಉರುಳಾಟ, ಏರುವುದು, ಇಳಿಯುವುದು, ಕೆಂಪೇಗೌಡ ನಿಲ್ದಾಣದಲ್ಲಿ ಸರದಿ ಸಿಗದಿದ್ದರೆ ಆಕಾಶದಲ್ಲೇ ಒಂದು ಪ್ರದಕ್ಷಿಣೆ, ಎಲ್ಲಾ ಅದರೊಳಗೇ. ಇದಕ್ಕೆ 'ಬ್ಲಾಕ್ ಟೈಮ್' ಎಂದು ಹೆಸರು. ಈ ಪದ ಉಚ್ಚರಿಸುವಾಗ ರಾಯರ ಮುಖದಲ್ಲಿ ಪೈಲಟ್ಟಿನ ಕಳೆ. ವೇಳಾಪಟ್ಟಿ ತಪ್ಪದಿರಲೆಂದು ಕಂಪನಿಗಳು ಕೆಲವು ನಿಮಿಷ ಹೆಚ್ಚಿಗೆ ಸೇರಿಸಿಯೇ ಇಟ್ಟಿರುತ್ತವೆ. ಹಾಗಾಗಿ ವಿಮಾನ ಒಮ್ಮೊಮ್ಮೆ ಹೇಳಿದ್ದಕ್ಕಿಂತ ಮೊದಲೇ ಇಳಿಯುತ್ತದೆ. ಆಗ ರಾಯರು ಅದನ್ನು ಸ್ವಂತ ಸಾಧನೆಯಂತೆ ಮಗನಿಗೆ ಫೋನಿನಲ್ಲಿ ತಿಳಿಸುತ್ತಾರೆ.

ಮಗನ ಮನೆ ಜಯನಗರದಲ್ಲಿ. ದೇವನಹಳ್ಳಿಯಿಂದ ಅದು ನಲವತ್ತು ಕಿಲೋಮೀಟರಿಗೂ ಆಚೆ. ಬ್ಯಾಗಿಗೆ ಕಾದು, ವಾಯುವಜ್ರ ಬಸ್ಸು ಹತ್ತಿ, ಹೆಬ್ಬಾಳದಲ್ಲಿ ಇಂಚಿಂಚು ತೆವಳುವುದು ರಾಯರ ಪ್ರಕಾರ ಪ್ರಯಾಣವಲ್ಲ, ಅದು 'ಟ್ರಾಫಿಕ್'. ಹೊರಡುವ ಒಂದು ಗಂಟೆ ಮೊದಲೇ ಕೌಂಟರ್ ಮುಚ್ಚುತ್ತದೆಂದು ಅದಕ್ಕೂ ಮುಂಚೆ ಸೋಗಾನೆ ಸೇರಿ ಕೂತದ್ದು 'ವಿಶ್ರಾಂತಿ'. ಮಳೆಗಾಲದ ಮೋಡಕ್ಕೆ ವಿಮಾನ ತಡವಾದರೆ ಅದು 'ಪ್ರಕೃತಿ'. ಇವು ಯಾವುವೂ ಒಂದು ಗಂಟೆಯ ಖಾತೆಗೆ ಬೀಳುವುದಿಲ್ಲ.

ಅವರ ಮನೆಯವರು ಮಾತ್ರ ಕಿವಿ ಗುಂಯ್‌ಗುಡುತ್ತದೆಂಬ ನೆಪ ಹೇಳಿ ಬೆಳಗಿನ ಜನಶತಾಬ್ದಿಗೇ ಹೋಗುತ್ತಾರೆ. ನಾಲ್ಕೂವರೆ ಗಂಟೆಯ ಹಾದಿ. ಅಷ್ಟರಲ್ಲಿ ಒಂದು ನಿದ್ದೆ, ಎರಡು ಇಡ್ಲಿ, ಎದುರು ಸೀಟಿನವರ ಮಗಳ ಜಾತಕ, ಎಲ್ಲಾ ಮುಗಿದಿರುತ್ತದೆ. ಮೆಜೆಸ್ಟಿಕ್ಕಿನಲ್ಲಿ ಇಳಿದರೆ ಜಯನಗರ ಮೆಟ್ರೊದಲ್ಲಿ ಹತ್ತಿರವೇ. "ನೀವು ಬೇಗ ಬಂದಿರೋ, ಅಮ್ಮ ಬೇಗ ಬಂದರೋ?" ಎಂದು ಸೊಸೆ ಕೇಳಿದರೆ, ರಾಯರು ನಕ್ಷೆ ತರಲು ಹೇಳುತ್ತಾರೆ.

ರಾಯರ ಲೆಕ್ಕದಲ್ಲಿ ತಪ್ಪಿಲ್ಲ. ಮನೆ ರನ್‌ವೇ ಪಕ್ಕದಲ್ಲಿರಬೇಕು, ಅಷ್ಟೆ. ಅವರು ಒಂದೇ ಗಂಟೆ ಎಂದರೆ ಧಾರಾಳವಾಗಿ ನಂಬಿ, ಮಧ್ಯಾಹ್ನದ ಬುತ್ತಿ ಮಾತ್ರ ಮರೆಯದೆ ಕಟ್ಟಿಕೊಳ್ಳಿ.