ಉಬ್ಬು ಬೇಕು, ನಮ್ಮನೆ ಮುಂದೆ ಬೇಡ

ಚೆನ್ನೈಯಲ್ಲಿ ಬಸ್ಸಿಗೆ ಕಾಯುವವರು ಓದುವುದಕ್ಕೆ ಪುಸ್ತಕ ಹಿಡಿದುಕೊಂಡು ಹೋಗಬೇಕಾಗಿಲ್ಲ. ತಂಗುದಾಣದ ನೆತ್ತಿಯ ಮೇಲೆಯೇ ಬೇಕಾದಷ್ಟು ಸಾಹಿತ್ಯ ಸಿಗುತ್ತದೆ. ದುಡ್ಡು ಸಂಸದರ ನಿಧಿಯದೋ ಶಾಸಕರ ನಿಧಿಯದೋ, ಯಾವ ಸಾಲಿನದು, ಯಾರ ಅಧ್ಯಕ್ಷತೆಯಲ್ಲಿ ಯಾರು ತೆರೆದರು, ಯಾರೆಲ್ಲ ಹಾಜರಿದ್ದರು, ಎಲ್ಲವೂ ಉಂಟು. ಹೆಸರಿನ ಅಕ್ಷರ ಗೇಣುದ್ದ, ಮೊತ್ತದ ಅಕ್ಷರ ಇರುವೆಯಷ್ಟು. ನನ್ನ ತಮಿಳು ಓದು ಸುಧಾರಿಸಿದ್ದೇ ಇಂಥ ನಾಮಫಲಕಗಳ ಕೆಳಗೆ ನಿಂತು. ಬಸ್ಸು ತಡವಾದಷ್ಟೂ ವಿದ್ಯೆ ಗಟ್ಟಿಯಾಗುತ್ತಿತ್ತು.

ಈ ದುಡ್ಡಿನ ಲೆಕ್ಕ ಕೇಳುವುದಕ್ಕೆ ಚೆನ್ನಾಗಿದೆ. ಸಂಸದರಿಗೆ ವರ್ಷಕ್ಕೆ 5 ಕೋಟಿ. ಆ ಪದ್ಧತಿ 1993ರಲ್ಲಿ ಶುರುವಾಯಿತು. ತಮಿಳುನಾಡಿನ ಶಾಸಕರಿಗೆ 3 ಕೋಟಿ. ಕಟ್ಟಕಡೆಯಲ್ಲಿ ನಮ್ಮ ನಿಮ್ಮ ಕೈಗೆ ಸಿಗುವ ಕೌನ್ಸಿಲರ್. ಅವರ ವಾರ್ಡ್ ಅಭಿವೃದ್ಧಿ ನಿಧಿ 2022ರ ಪಾಲಿಕೆ ಬಜೆಟ್ಟಿನಲ್ಲಿ 35 ಲಕ್ಷವಾಗಿತ್ತು, 2025ರ ಬಜೆಟ್ಟಿನಲ್ಲಿ 60 ಲಕ್ಷಕ್ಕೇರಿತು. ದೊಡ್ಡ ಮೊತ್ತವೇ ಅನ್ನಿ. ಆದರೆ ಊರು ಇನ್ನೂ ದೊಡ್ಡದು. 200 ವಾರ್ಡುಗಳು, 2011ರ ಜನಗಣತಿಯಲ್ಲೇ 66 ಲಕ್ಷ ದಾಟಿದ ಜನ. ಹಂಚಿದರೆ ತಲೆಗೆ ವರ್ಷಕ್ಕೆ 180 ರೂಪಾಯಿಯ ಆಸುಪಾಸು. ಒಂದು ತುಪ್ಪದ ರೋಸ್ಟು, ಒಂದು ಕಾಫಿ. ವಡೆ ಬೇಕೆಂದರೆ ಮುಂದಿನ ಹಣಕಾಸು ವರ್ಷದವರೆಗೆ ಕಾಯಬೇಕು. ರಸ್ತೆ, ಚರಂಡಿಯಂಥ ದೊಡ್ಡ ಕೆಲಸಗಳಿಗೆ ಬೇರೆ ದುಡ್ಡು ಬರುತ್ತದೆ, ನಿಜ. ವಾರ್ಡಿನ ದುಡ್ಡು ಪಾರ್ಕಿನ ಬೆಂಚು, ಶಾಲೆಯ ಶೌಚಾಲಯ, ಮೂಲೆಯ ದೀಪದ ಕಂಬಗಳಿಗೆ.

ಈ ಲೆಕ್ಕವನ್ನು ರಿಪ್ಪನ್ ಕಟ್ಟಡದ ಪಕ್ಕದಲ್ಲಿಟ್ಟು ನೋಡಿದರೆ ನಗು ಬರುತ್ತದೆ. ಸೆಂಟ್ರಲ್ ಸ್ಟೇಷನ್ನಿನ ಪಕ್ಕ ಹಾಲಿನಲ್ಲಿ ಮಿಂದೆದ್ದಂತೆ ನಿಂತಿರುವ ಆ ಪಾಲಿಕೆ ಭವನ 1913ರಲ್ಲಿ ಮುಗಿದಾಗ ಆದ ಖರ್ಚು ಏಳೂವರೆ ಲಕ್ಷ. ಇವತ್ತು ಅಷ್ಟರಲ್ಲಿ ಒಂದು ಬಸ್ ತಂಗುದಾಣ ಎದ್ದರೆ ಪುಣ್ಯ. ಪಾಲಿಕೆ ಕಟ್ಟಡಕ್ಕಿಂತ ಬಹಳ ಹಳೆಯದು. 1688ರಲ್ಲಿ ಹುಟ್ಟಿದ್ದು, ದೇಶಕ್ಕೇ ಹಿರಿಯಣ್ಣ. ಹೊಂಡ, ಕಸ, ಬೀದಿದೀಪದ ಬಗ್ಗೆ ದೂರು ಹೇಳಲು ಫೋನ್ ನಂಬರ್ ಕೂಡ 1913. ಕಟ್ಟಡ ಮುಗಿದ ವರ್ಷವೇ ದೂರಿನ ಸಂಖ್ಯೆಯೂ ಆದದ್ದು ಕಾಕತಾಳೀಯವಿರಬಹುದು. ಸಭಾಂಗಣ ಸಿದ್ಧವಾದ ದಿನದಿಂದಲೇ ದೂರೂ ಶುರುವಾಗಿರಬೇಕು ಎಂದು ನನ್ನ ಊಹೆ.

ನಡುವೆ ಐದು ವರ್ಷಕ್ಕೂ ಮೀರಿ ಈ ಹಿರಿಯಣ್ಣನಿಗೆ ಕೌನ್ಸಿಲರುಗಳೇ ಇರಲಿಲ್ಲ. 2016ರ ಅಕ್ಟೋಬರಿನಲ್ಲಿ ಅವಧಿ ಮುಗಿಯಿತು, ಚುನಾವಣೆ ನಡೆದದ್ದು 2022ರ ಫೆಬ್ರವರಿಯಲ್ಲಿ. ಅಷ್ಟು ದಿನ ಅಧಿಕಾರಿಗಳೇ ಎಲ್ಲ. ಚುನಾವಣೆ ಮುಗಿದು ಆರ್. ಪ್ರಿಯಾ ಮೇಯರ್ ಆದರು. ಆ ಕುರ್ಚಿಯಲ್ಲಿ ಕೂತ ಮೊದಲ ದಲಿತ ಮಹಿಳೆ. ಕೌನ್ಸಿಲರುಗಳಿಲ್ಲದ ಆ ಐದು ವರ್ಷದ ಕಥೆ ಕೇಳಿ ಬೆಂಗಳೂರಿನ ಬಂಧುಗಳು ನಗಬೇಕಾಗಿಲ್ಲ. ಅಲ್ಲಿನ ಕೌನ್ಸಿಲ್ 2020ರ ಸೆಪ್ಟೆಂಬರಿನಲ್ಲಿ ಮನೆಗೆ ಹೋದದ್ದು, ಊರು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಹಿಂತಿರುಗಲಿಲ್ಲ.

ಪ್ರಿಯಾ ಮೇಯರ್ ಆದ ವರ್ಷವೇ ಇಲ್ಲಿ ಇನ್ನೊಂದು ಹೊಸತೂ ಬಂತು. ನವೆಂಬರ್ 1 ಅಂದರೆ ಚೆನ್ನೈ ಕನ್ನಡಿಗರಿಗೆ ಬಾವುಟ, ಭುವನೇಶ್ವರಿ, ಸಂಘದಲ್ಲಿ ಒಂದು ಭಾಷಣ, ಆಮೇಲೆ ಊಟ. ತಮಿಳುನಾಡಿನಲ್ಲಿ ಅದೇ ದಿನ ಸ್ಥಳೀಯ ಸಂಸ್ಥೆಗಳ ದಿನ. 2022ರ ನವೆಂಬರ್ 1ರಂದು ಪಟ್ಟಣಗಳಲ್ಲಿ ಮೊದಲ ಏರಿಯಾ ಸಭೆಗಳು ನಡೆದವು. ತಾಂಬರಂ ಪಾಲಿಕೆಯ ಪಮ್ಮಲಿನ ಸಭೆಗೆ ಮುಖ್ಯಮಂತ್ರಿ ಸ್ಟಾಲಿನ್ ಅವರೇ ಹೋಗಿ ಕೂತಿದ್ದರು. ಹಳ್ಳಿಗೆ ಗ್ರಾಮಸಭೆ ಇದ್ದ ಹಾಗೆ ಬೀದಿಗೂ ಒಂದು ಸಭೆ. ಬ್ರೆಜಿಲ್‌ನ ಪೋರ್ತು ಅಲೆಗ್ರೆಯಲ್ಲಿ 1989ರಿಂದಲೇ ಜನ ಹೀಗೆ ಕೂತು ನಗರದ ಬಜೆಟ್ಟಿನಲ್ಲಿ ಒಂದು ಪಾಲನ್ನು ತಾವೇ ತೀರ್ಮಾನಿಸುತ್ತಿದ್ದರು. ನಮ್ಮದು ಅಷ್ಟು ದೂರ ಹೋಗಿಲ್ಲ. ನಾವು ಕೇಳಬಹುದು, ಅವರು ಬರೆದುಕೊಳ್ಳುತ್ತಾರೆ.

ನಮ್ಮ ಬೀದಿಯವರೂ ಇಂಥದೊಂದು ಸಭೆಗೆ ಹೋದೆವು. ಪಶ್ಚಿಮ ಮಾಂಬಲದ ಬೀದಿ ಅದು. ಅಗಲ ಹೇಳಿಕೊಳ್ಳುವಂತಿಲ್ಲ, ಆದರೂ ಸ್ಕೂಟರಿನ ಹುಡುಗರಿಗೆ ಅದು ವಿಮಾನದ ರನ್‌ವೇ. ಶಾಲೆ ಬಿಡುವ ಹೊತ್ತಿಗೆ ದಾಟಲು ಎದೆಗಾರಿಕೆ ಬೇಕು. ‘ವೇಗತ್ತಡೈ ಬೇಕು’, ಅಂದರೆ ರಸ್ತೆಗೊಂದು ಉಬ್ಬು ಬೇಕು, ಎಂದು ಎದುರುಮನೆಯ ಮಾಮಿ ಎದ್ದು ನಿಂತರು. ಬೀದಿಗೆ ಬೀದಿಯೇ ಕೈಯೆತ್ತಿತು. ಅಂಥ ಒಗ್ಗಟ್ಟನ್ನು ನಾನು ಕುಡಿಯುವ ನೀರಿನ ವಿಷಯದಲ್ಲೂ ಕಂಡಿರಲಿಲ್ಲ. ಬರೆದುಕೊಳ್ಳುತ್ತಿದ್ದ ಹುಡುಗಿ ತಲೆಯೆತ್ತಿ, ‘ಸರಿ ಅಮ್ಮಾ, ಯಾರ ಮನೆ ಮುಂದೆ?’ ಎಂದಳು.

ಎಲ್ಲ ಕೈಗಳೂ ಕೆಳಗಿಳಿದವು.

ಕಾರಣ ಎಲ್ಲರಿಗೂ ಗೊತ್ತು. ಉಬ್ಬಿನ ಮುಂದಿನ ಮನೆಯವರಿಗೆ ನಿದ್ದೆಯಿಲ್ಲ. ನೀರಿನ ಲಾರಿ ಹತ್ತಿ ಇಳಿದಾಗಲೆಲ್ಲ ಅಡುಗೆಮನೆಯ ಡಬ್ಬಗಳು ಮಾತಾಡುತ್ತವೆ. ಆಟೋ ಅಲ್ಲಿಯೇ ಗೇರು ಬದಲಿಸಬೇಕು, ಅಲ್ಲಿಯೇ ಹಾರ್ನ್ ಹೊಡೆಯಬೇಕು, ಚಾಲಕನಿಗೆ ಉಬ್ಬು ಕಾಣದಿದ್ದರೆ ಅಲ್ಲಿಯೇ ಬೈಯಬೇಕು. ಒಬ್ಬರಿಗೆ ಕಾರು ಹೊರತೆಗೆಯುವ ತೊಂದರೆ, ಇನ್ನೊಬ್ಬರಿಗೆ ವಾಸ್ತು. ಮೂಲೆಮನೆಯ ನಿವೃತ್ತ ಇಂಜಿನಿಯರು ಮಾತ್ರ ಗಂಭೀರವಾಗಿ, ಉಬ್ಬಿಗೂ ಶಾಸ್ತ್ರವಿದೆ ಎಂದರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಅಗಲ 3.7 ಮೀಟರ್, ಎತ್ತರ ಹತ್ತು ಸೆಂಟಿಮೀಟರ್, ಮೇಲೆ ಬಿಳಿ ಪಟ್ಟಿ, ಮುಂಚಿತವಾಗಿ ಒಂದು ಸೂಚನಾ ಫಲಕ. ಗಂಟೆಗೆ 25 ಕಿಲೋಮೀಟರಿನಲ್ಲಿ ಬಂದವನಿಗೆ ಕುಲುಕಾಟವೇ ಗೊತ್ತಾಗಬಾರದು. ನಾವು ಬೆರಗಾಗಿ ಕೇಳಿದೆವು. ನಮ್ಮ ಅನುಭವದಲ್ಲಿ ಉಬ್ಬು ಎಂದರೆ ಅಗಲ ಒಂದು ಗೇಣು, ಎತ್ತರ ಭಗವಂತನಿಗೆ ಬಿಟ್ಟದ್ದು. ಅಂಥದ್ದು ವೇಗ ತಗ್ಗಿಸುವುದಕ್ಕಿಂತ ಬೆನ್ನೆಲುಬು ಎಣಿಸುವುದಕ್ಕೆ ಒಳ್ಳೆಯದು.

ಮಾಮಿ ಕೊನೆಗೆ, ‘ಹಾಕಿ ನಮ್ಮನೆ ಮುಂದೆಯೇ. ನನಗೆ ಹೇಗೂ ನಿದ್ದೆ ಬರೋಲ್ಲ’ ಎಂದು ಸಭೆಯನ್ನು ಉಳಿಸಿದರು.

ರಸ್ತೆಯ ಎತ್ತರದ ಮಾತು ಬಂತಲ್ಲ, ಇದೊಂದು ಹೇಳಿಬಿಡುತ್ತೇನೆ. ಈ ಊರಿನ ಹಳೆಯ ಮನೆಗಳಿಗೆ ಹಿಂದೆ ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಈಗ ಎಷ್ಟೋ ಮನೆಗಳಿಗೆ ಇಳಿದು ಹೋಗಬೇಕು. ಮನೆ ಕುಸಿದಿಲ್ಲ, ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಬೆಳೆದಿದೆ. ಮಳೆಗಾಲದಲ್ಲಿ ನೀರು ಕರೆಯದೆಯೇ ಒಳಗೆ ಬಂದು ಕೂರುತ್ತದೆ. 2021ರಲ್ಲಿ ಮುಖ್ಯ ಕಾರ್ಯದರ್ಶಿಯಾಗಿದ್ದ ಇರೈಅನ್ಬು ಅವರು, ಹಳೆಯ ಪದರವನ್ನು ಕೆರೆದು ತೆಗೆದೇ ಹೊಸ ಡಾಂಬರು ಹಾಕಬೇಕು, ರಸ್ತೆಯ ಮಟ್ಟ ಏರಕೂಡದು ಎಂದು ಆದೇಶ ಹೊರಡಿಸಿದರು. ಸಾಮಾನ್ಯ ಜ್ಞಾನಕ್ಕೂ ಒಂದೊಂದು ಸಲ ಸರ್ಕಾರಿ ಆದೇಶ ಬೇಕಾಗುತ್ತದೆ.

ನಾಮಫಲಕದ ಬಗ್ಗೆ ತಮಾಷೆ ಮಾಡುವ ಮೊದಲು ನಮ್ಮವನೊಬ್ಬನನ್ನು ನೆನೆಯಬೇಕು. ಅಯನಾವರದ ಜೀವಾ ಪಾರ್ಕಿನಲ್ಲಿ ಸರ್ವಜ್ಞ ಪ್ರತಿಮೆಯಾಗಿ ನಿಂತಿದ್ದಾನೆ. ಬೆಂಗಳೂರಿನ ಹಲಸೂರಿನಲ್ಲಿ ಹದಿನೆಂಟು ವರ್ಷ ಮುಸುಕು ಹೊದ್ದಿದ್ದ ತಿರುವಳ್ಳುವರ್ 2009ರ ಆಗಸ್ಟ್ 9ರಂದು ಮುಖ ತೋರಿದರೆ, ನಾಲ್ಕೇ ದಿನಕ್ಕೆ, 13ರಂದು, ಸರ್ವಜ್ಞ ಇಲ್ಲಿ ಬಂದು ನಿಂತ. ಕರುಣಾನಿಧಿ, ಯಡಿಯೂರಪ್ಪ ಇಬ್ಬರೂ ಮುಖ್ಯಮಂತ್ರಿಗಳಾಗಿದ್ದ ಕಾಲ. ಅಲ್ಲಿಗೆ ಹೋದಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ. ಮೂರು ಸಾಲಿನ ಕಾಮಗಾರಿ ಮುಗಿಸಿ ಕೊನೆಗೆ ತಪ್ಪದೆ ತನ್ನ ಹೆಸರು ಹಾಕಿಕೊಂಡವನು ಈತ. ನಾಮಫಲಕ ಹಾಕುವವರನ್ನು ನಾನು ಗೇಲಿ ಮಾಡಬಹುದು, ಈತ ಮಾಡುವಂತಿಲ್ಲ. ಆದರೆ ಅವನ ಕಾಮಗಾರಿ ಇಷ್ಟು ಮಳೆಗಾಲಗಳಲ್ಲಿ ಒಂದೂ ಕಿತ್ತುಹೋಗಿಲ್ಲ ಎನ್ನುವುದನ್ನೂ ಗಮನಿಸಬೇಕು.

ಹೆಸರು ಹಾಕಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ತೊಡಕಿರುವುದು ಬೇರೆ ಕಡೆ. ಬೆಂಚಿಗೆ ಹೆಸರು ಬರೆಯಬಹುದು, ತಂಗುದಾಣಕ್ಕೆ ಬರೆಯಬಹುದು. ಆಗದೇ ಹೋದ ಅಪಘಾತಕ್ಕೆ ಎಲ್ಲಿ ಬರೆಯುವುದು? ಶಾಲೆಯ ಮಗು ಸುರಕ್ಷಿತವಾಗಿ ರಸ್ತೆ ದಾಟಿ ಮನೆಗೆ ಹೋಗಿ ಹಾಲು ಕುಡಿದದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ. ಆದ್ದರಿಂದ ರಸ್ತೆ ಸುರಕ್ಷತೆಗೆ ದುಡ್ಡು ಕೇಳುವವನ ಪಾಡು ಕಷ್ಟ. ಪೊಲೀಸರ ಬ್ಯಾರಿಕೇಡುಗಳು ಈ ತೊಡಕನ್ನು ತಮ್ಮದೇ ರೀತಿಯಲ್ಲಿ ಬಿಡಿಸಿಕೊಂಡಿವೆ. ‘ನಿಧಾನ’ ಎಂಬ ಮಾತಿನ ಕೆಳಗೆ ಒಂದು ಚಿನ್ನದಂಗಡಿಯ ಜಾಹೀರಾತು. ನಿಧಾನವಾಗಿ ಹೋದರೆ ಜೀವ ಉಳಿಯುತ್ತದೆ, ಅಂಗಡಿಯೂ ಕಣ್ಣಿಗೆ ಬೀಳುತ್ತದೆ.

ಕಣ್ಣಿಗೆ ಬೀಳುವ ಒಳ್ಳೆಯದೂ ಇದೆ, ಇಲ್ಲವೆನ್ನಲಾರೆ. ಕಾಲ್ನಡಿಗೆ, ಸೈಕಲ್ಲುಗಳಿಗೆಂದು ಚೆನ್ನೈ 2014ರಲ್ಲೇ ನೀತಿ ರೂಪಿಸಿತು. ಅದರ ಫಲವಾಗಿ 2019ರ ನವೆಂಬರಿನಲ್ಲಿ ಪಾಂಡಿ ಬಜಾರಿನ ಅಗಲ ಪಾದಚಾರಿ ಹಾದಿ ತೆರೆಯಿತು. ಸೀರೆ ಕೊಳ್ಳದೆಯೂ ಟಿ. ನಗರದಲ್ಲಿ ಸುತ್ತಾಡಬಹುದೆಂದು ಗಂಡಸರಿಗೆ ತಿಳಿದದ್ದು ಆಮೇಲೆ. 2024ರ ಬೇಸಿಗೆಯಲ್ಲಿ ಕೆಲವು ಸಿಗ್ನಲ್ಲುಗಳ ಮೇಲೆ ಪಾಲಿಕೆ ಹಸಿರು ನೆರಳುಬಲೆ ಕಟ್ಟಿತು. ಸ್ಕೂಟರಿನವರು ಕೆಂಪು ದೀಪಕ್ಕೆ ಮನಃಪೂರ್ವಕವಾಗಿ ನಿಂತದ್ದನ್ನು ಆಗ ಕಂಡೆ. ಹಸಿರು ಬಿದ್ದ ಮೇಲೂ ಹೊರಡಲು ಮನಸ್ಸಿಲ್ಲದ ಒಬ್ಬರನ್ನು ಹಿಂದಿನವರು ಬೈದು ಕಳಿಸಬೇಕಾಯಿತು. ನೂರು ಉಬ್ಬು ಮಾಡದ ಕೆಲಸವನ್ನು ಒಂದು ಬಲೆ ಮಾಡಿತು.

ನಮ್ಮ ಬೀದಿಯ ಉಬ್ಬು ಬಂತು. ಶಾಸ್ತ್ರಕ್ಕೆ ಅಷ್ಟೇನೂ ದೂರವಿಲ್ಲ ಎಂದು ನಿವೃತ್ತ ಇಂಜಿನಿಯರು ಟೇಪು ಹಿಡಿದು ಒಪ್ಪಿಗೆ ಕೊಟ್ಟರು. ಬಿಳಿ ಪಟ್ಟಿಯೊಂದೇ ಬಾಕಿ. ಅಷ್ಟರಲ್ಲಿ ಮಾರ್ಗಳಿ ತಿಂಗಳು ಬಂತು; ಮಾಮಿ ಬೆಳಗಿನ ಜಾವ ಎದ್ದು, ಮನೆ ಮುಂದಿನ ಜಾಗವೆಲ್ಲ ತಮ್ಮದೇ ಎಂಬ ಹಕ್ಕಿನಿಂದ, ಉಬ್ಬಿನ ಉದ್ದಕ್ಕೂ ಅಕ್ಕಿಹಿಟ್ಟಿನ ಕೋಲಂ ಎಳೆದರು. ಉಬ್ಬಿಗೆ ಜಗ್ಗದ ಹುಡುಗರು ಕೋಲಂ ತುಳಿಯಲು ಅಂಜಿ ಕಾಲು ನೆಲಕ್ಕಿಟ್ಟು ತಳ್ಳಿಕೊಂಡು ಹೋಗುತ್ತಿದ್ದಾರೆ. ಪಕ್ಕದ ಮನೆಯವರು, ಉಬ್ಬಿನ ಒಂದು ತುದಿ ತಮ್ಮ ಗೇಟಿನವರೆಗೂ ಬಂದಿದೆ, ಅಷ್ಟು ಭಾಗ ತಾವು ಹಾಕುತ್ತೇವೆ ಎಂದು ತಗಾದೆ ತೆಗೆದಿದ್ದಾರೆ. ಬಣ್ಣ ಬಳಿಯಲು ಬರೆದ ಅರ್ಜಿ ನನ್ನ ಮೇಜಿನ ಮೇಲೆಯೇ ಇದೆ. ಪೊಂಗಲ್ ಆಗುವವರೆಗೆ ಕೊಡಕೂಡದೆಂದು ಮಾಮಿಯ ಅಪ್ಪಣೆಯಾಗಿದೆ.