ಬೋರ್ಡಿಗೆ ಬಣ್ಣ ಸಾಕು

(ಜಯನಗರದ ಅಡ್ಡರಸ್ತೆ. ಏಣಿಯ ಮೇಲೆ ಬ್ರಶ್ಶು ಹಿಡಿದ ಬಸಣ್ಣ, ಕೆಳಗೆ ಮನೋಹರ.)

ಬಸಣ್ಣ: 'ಕೌನ್ಸೆಲಿಂಗ್ ಸೆಂಟರ್' ಬರೆದಾಯ್ತು ಸಾರ್. ಹೆಸರಿನ ಕೆಳಗೆ?

ಮನೋಹರ: 'ಹಿರಿಯ ಮನೋತಜ್ಞ' ಅಂತ ಹಾಕು.

ಬಸಣ್ಣ: ಎಷ್ಟು ವರ್ಷ ಓದಿದ್ರಿ?

ಮನೋಹರ: ಎರಡು ಭಾನುವಾರ. ಆನ್‌ಲೈನ್.

ಬಸಣ್ಣ: ಲೈಸೆನ್ಸ್ ನಂಬರಿಗೆ ಜಾಗ ಬಿಟ್ಟಿದ್ದೀನಿ. ಎದುರಿನ ಇಡ್ಲಿ ಗಾಡಿಯವನೂ ಬರೆಸಿದ್ದಾನೆ.

ಮನೋಹರ: ಇಡ್ಲಿ ಹೊಟ್ಟೆಗೆ ಹೋಗುತ್ತಪ್ಪ, ನನ್ನ ಮಾತು ಕಿವಿಗೆ. ಕಿವಿಗೆ ಇನ್‌ಸ್ಪೆಕ್ಟರ್ ಇಲ್ಲ! 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟ್, ಮಾನಸಿಕ ಆರೋಗ್ಯದ ನರ್ಸ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ರಾಜ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ನಾನು ಈ ಮೂವರಲ್ಲಿ ಯಾರೂ ಅಲ್ಲ. ಆದ್ದರಿಂದ ಸ್ವತಂತ್ರ!

ಬಸಣ್ಣ: ನಮ್ಮಣ್ಣನ ಮಗಳು ಎರಡು ವರ್ಷ ಎಂ.ಎಸ್ಸಿ. ಕೌನ್ಸೆಲಿಂಗ್ ಓದಿದ್ದಾಳೆ. ಅವಳಿಗೂ ಲೈಸೆನ್ಸ್ ಇಲ್ಲ.

ಮನೋಹರ: ನೋಡು, ಇದೇ ಸಮಾನತೆ!

ಬಸಣ್ಣ: ಸಮಾಲೋಚಕರನ್ನೂ ಸೇರಿಸಿ 2021ರಲ್ಲೇ ಕಾಯ್ದೆ ಆಯ್ತಂತಲ್ಲ?

ಮನೋಹರ: ಆಯ್ತು. ಅದು ಮಂಡಳಿ, ರಿಜಿಸ್ಟರು ಅಂತ ದಾಟಿ ನನ್ನ ಮಹಡಿ ಹತ್ತೋ ಹೊತ್ತಿಗೆ ಎರಡನೇ ಬ್ರಾಂಚ್ ತೆಗೆದಿರ್ತೀನಿ.

ಬಸಣ್ಣ: ಬಂದವರು 'ಸಾಯಬೇಕು ಅನ್ಸುತ್ತೆ' ಅಂದ್ರೆ ಏನ್ಮಾಡ್ತೀರಿ?

ಮನೋಹರ: (ತಡವರಿಸಿ) ಆ ಪಾಠದ ದಿನ ನೆಟ್‌ವರ್ಕ್ ಇರಲಿಲ್ಲ.

(ಬಸಣ್ಣ ಲೈಸೆನ್ಸಿನ ಜಾಗದಲ್ಲಿ ದಪ್ಪಕ್ಷರದಲ್ಲಿ 14416 ಎಂದು ಬರೆಯುತ್ತಾನೆ.)

ಮನೋಹರ: ಯಾರದೋ ಆ ನಂಬರು?

ಬಸಣ್ಣ: ಸರ್ಕಾರದ ಟೆಲಿ ಮನಸ್ ಸಾರ್. ಹಗಲು ರಾತ್ರಿ ಸಿಗ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೇಳಲ್ಲ. ನಿಮಗೆ ಲೈಸೆನ್ಸ್ ಬರೋವರೆಗೂ ಜನ ನಿಮ್ಮ ಮೆಟ್ಟಿಲು ಹತ್ತೋ ಮೊದಲು ಇದಕ್ಕೊಂದು ಫೋನ್ ಮಾಡ್ಲಿ.