ಸುರೆಯೂ ಬಾನವೂ

ಐವತ್ತೈದು ವರ್ಷ ನಮ್ಮೂರ ಹೆಸರನ್ನು ಯಾವ ಅನುಮಾನವೂ ಇಲ್ಲದೆ ಬರೆದವನು ನಾನು. ಶಾಲೆಯ ಪಾಟಿಯ ಮೇಲೆ, ಲಗ್ನಪತ್ರಿಕೆಯ ಮೇಲೆ, ಕೊನೆಗೆ ಪಿಂಚಣಿ ಕಾಗದದ ಮೇಲೆ: ಮುಕ್ಕಾಂ ಸುರೇಬಾನ, ತಾಲ್ಲೂಕು ರಾಮದುರ್ಗ. ಪುಣೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಅಕ್ಕನ ಮಗ ದೀಪಾವಳಿಗೆ ಬಂದವನು ಆ ಹೆಸರನ್ನು ರೊಟ್ಟಿ ಮುರಿದಂತೆ ಎರಡು ತುಂಡು ಮಾಡಿ ನನ್ನ ಮುಂದಿಟ್ಟ.

‘ಮಾಮಾ, ಸುರೆ ಅಂದ್ರ ಏನ?’

‘ಹೆಂಡ.’

‘ಬಾನ ಅಂದ್ರ?’

‘ಅನ್ನ. ಮೊಸರ ಬಾನ ಅನ್ನೂದಿಲ್ಲೇನ?’

‘ಹಂಗಾರ ನಮ್ಮೂರ ಹೆಸರ ವೈನ್ ಆಂಡ್ ಡೈನ್!’

ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನ ಎದುರು ಹೀಗೆ ಪದ ಬಿಡಿಸುವುದೇ? ‘ಅದು ಸುರೆ ಅಲ್ಲೋ, ಸುರರು. ದೇವತೆಗಳ ಬನ’ ಎಂದು ಗದರಿಸಿದೆ. ಗದರಿಸಿದ ಮೇಲೆ ಹೊಟ್ಟೆಯಲ್ಲಿ ಏನೋ ಚುಳ್ ಎಂದಿತು. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ಸಮುದ್ರ ಕಡೆಯುವ ಕಥೆ ಬರುತ್ತದೆ. ಕಡಲಿನಿಂದ ಮೇಲೆದ್ದ ವಾರುಣಿಯನ್ನು, ಅಂದರೆ ಸುರೆಯ ಅಧಿದೇವತೆಯನ್ನು, ಬೇಡವೆಂದವರು ಅಸುರರಾದರು, ಬರಮಾಡಿಕೊಂಡವರು ಸುರರಾದರು. ಈ ಲೆಕ್ಕದಲ್ಲಿ ಅರವತ್ತು ದಾಟಿದರೂ ಒಂದು ಹನಿ ಮುಟ್ಟದ ನಾನು ಯಾರು? ಇದನ್ನು ಅಳಿಯನಿಗೆ ಹೇಳಲಿಲ್ಲ. ಆದರೆ ಸಂಕ್ರಾಂತಿ ಮುಗಿದ ಮೇಲೆ ‘ನಾಸಿಕಕ್ಕ ಹೋಗೂಣ, ವೈನ್ ಮಾಡೂದ ನೋಡೀರಂತ’ ಎಂದು ಅವನು ಕರೆದಾಗ ನಾನು ಎರಡನೆಯ ಸಲ ಕರೆಸಿಕೊಳ್ಳಲಿಲ್ಲ.

ವೈನ್ ಎಂಬ ಶಬ್ದವೇನೋ ನನಗೆ ಹೊಸದಲ್ಲ. ನಮ್ಮ ಕಡೆ ಸ್ವಲ್ಪ ದೊಡ್ಡ ಊರಾದರೆ ಬಸ್‌ಸ್ಟ್ಯಾಂಡಿನಿಂದ ಕಣ್ಣಳತೆಯಲ್ಲೇ ‘ವೈನ್ಸ್’ ಎಂಬ ಬೋರ್ಡು ಇರುತ್ತದೆ. ಅಲ್ಲಿ ವೈನ್ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಅದೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಅಂತ ಒಂದು ಬಂತು. ಒಂದು ಕೈಯಿಂದ ಪಾಕೀಟು ಕಸಿದುಕೊಂಡ ಸರ್ಕಾರ ಇನ್ನೊಂದು ಕೈಯಿಂದ ಗಾಜಿನ ಬಟ್ಟಲು ಚಾಚಿತು. ಬಟ್ಟಲು ಬೆಂಗಳೂರಿನ ಸುತ್ತ ತಿರುಗಿ, ವಿಜಯಪುರದ ದ್ರಾಕ್ಷಿ ಪಡಗಳ ತನಕ ಬಂದು ನಿಂತಿತು. ಮಲಪ್ರಭೆ ದಾಟಿ ಈಚೆ ಬರಲಿಲ್ಲ.

ಇನ್ನು ನಾಸಿಕ. ಶೂರ್ಪನಖಿಯ ಮೂಗು ಹೋದದ್ದರಿಂದ ಆ ಊರಿಗೆ ಆ ಹೆಸರು ಎಂಬ ಪ್ರತೀತಿ ಇದೆಯಷ್ಟೆ. ಯಾರದೋ ಮೂಗು ಹೋದ ಊರಿನಲ್ಲಿ ನನ್ನ ಮೂಗಿಗೆ ಇಷ್ಟು ಕೆಲಸ ಬೀಳುತ್ತದೆಂದು ಗೊತ್ತಿರಲಿಲ್ಲ. ದ್ರಾಕ್ಷಿ ತೋಟದ ನಡುವೆ ಗಾಜಿನ ಗೋಡೆಯ ದೊಡ್ಡ ಕೋಣೆ. ಎದುರಿಗೆ ಐದು ಗಾಜಿನ ಬಟ್ಟಲು, ಒಂದೊಂದರ ತಳದಲ್ಲಿ ನಾಲ್ಕು ಗುಟುಕು. ಇಷ್ಟಕ್ಕೆ ಅಷ್ಟು ದೊಡ್ಡ ಬಟ್ಟಲು ಯಾಕೆಂದರೆ ತಿರುಗಿಸಲಿಕ್ಕೆ, ತಿರುಗಿಸಿದರೆ ಗಾಳಿ ತಾಗಿ ವಾಸನೆ ಬಿಚ್ಚಿಕೊಳ್ಳುತ್ತದೆ ಎಂದು ಅಲ್ಲಿದ್ದ ಮರಾಠಿ ಹುಡುಗಿ ಹಿಂದಿಯಲ್ಲಿ ತಿಳಿಸಿದಳು. ನೋಡುವುದು, ತಿರುಗಿಸುವುದು, ಮೂಸುವುದು, ಗುಟುಕರಿಸಿ ಬಾಯಿ ತುಂಬ ಆಡಿಸುವುದು, ಆಮೇಲೆ ಉಗುಳುವುದು. ನನಗೆ ತಿರುಗಿಸುವುದರಲ್ಲೇ ಅಪಘಾತವಾಯಿತು. ಕೆಂಪು ವೈನು ಬಟ್ಟಲಿನ ಅಂಚು ದಾಟಿ ಇಸ್ತ್ರಿ ಮಾಡಿದ ಬಿಳಿ ಧೋತರದ ಮೇಲೆ ಬಂದು ಕುಳಿತಿತು. ನೇಕಾರರ ಊರಿನವನು, ಬಣ್ಣ ಹಿಡಿಯುವುದೆಂದರೆ ಏನೆಂದು ಬಲ್ಲೆ. ಇದು ಹೋಗುವ ಬಣ್ಣವಲ್ಲ ಎಂದು ನೋಡಿದ ಕೂಡಲೇ ತಿಳಿಯಿತು. ಹೋಗಿಲ್ಲ.

ಆ ಬಣ್ಣದ ಗುಟ್ಟನ್ನೂ ಹುಡುಗಿಯೇ ಹೇಳಿದಳು. ಬಹುಪಾಲು ಕರಿ ದ್ರಾಕ್ಷಿಯನ್ನು ಹಿಂಡಿದರೂ ಬರುವ ರಸ ಬೆಳ್ಳಗೇ ಇರುತ್ತದಂತೆ. ಕೆಂಪೆಲ್ಲ ಸಿಪ್ಪೆಯದು. ರಸವನ್ನು ಸಿಪ್ಪೆಯೊಡನೆ ಹುಳಿಯಲು ಬಿಟ್ಟರೆ ಬಣ್ಣ ಇಳಿಯುತ್ತದೆ. ಸಿಪ್ಪೆ ಮೇಲೆ ತೇಲಿ ಕೆನೆಗಟ್ಟಿದ ಹಾಗೆ ಆಗುತ್ತದೆ, ಅದನ್ನು ದಿನಾ ಒತ್ತಿ ಒತ್ತಿ ಮುಳುಗಿಸಬೇಕು. ಬಣ್ಣದ ಬಾನಿಯಲ್ಲಿ ನೂಲಿನ ಲಡಿ ಮೇಲೇಳದಂತೆ ಕೋಲಿನಿಂದ ಅದ್ದುವುದನ್ನು ನಮ್ಮ ಓಣಿಯಲ್ಲಿ ನೋಡಿ ಬೆಳೆದವನಿಗೆ ಇದನ್ನು ಮತ್ತೊಮ್ಮೆ ಹೇಳಬೇಕಾಗಲಿಲ್ಲ.

ಮೊದಲ ಬಟ್ಟಲಿಗೆ ಮೂಗು ಇಟ್ಟೆ. ಹೆಸರು ಸೋವಿನ್ಯೋ ಬ್ಲಾಂಕ್. ಎಲ್ಲರೂ ಇಂಗ್ಲಿಷಿನಲ್ಲಿ ಒಂದೊಂದು ಹಣ್ಣಿನ ಹೆಸರು ಹೇಳುತ್ತಿದ್ದರು. ನನಗೆ ಹಣ್ಣು ಬರಲಿಲ್ಲ. ಬೆಳಗಿನ ಜಾವ ಎತ್ತಿನ ಗೋದಲಿಗೆ ಹಾಕಿದ ಹಸಿ ಹುಲ್ಲು ಬಂತು, ಅದರ ಹಿಂದೆ ಆಗಷ್ಟೇ ಹೆಚ್ಚಿದ ಡಬ್ಬು ಮೆಣಸಿನಕಾಯಿ. ಹೇಳಲು ನಾಚಿಕೆಯಾಗಿ ಅಳಿಯನ ಕಿವಿಯಲ್ಲಿ ಹೇಳಿದೆ. ಅವನು ಗಟ್ಟಿಯಾಗಿ ಅನುವಾದಿಸಿಬಿಟ್ಟ. ಹುಡುಗಿ ಚಪ್ಪಾಳೆ ತಟ್ಟಿದಳು; ಆ ವೈನಿನ ಗುರುತೇ ಅದಂತೆ.

ನಿಜವಾದ ಮರ್ಯಾದೆ ಸಿಕ್ಕಿದ್ದು ನಾಲ್ಕನೆಯ ಬಟ್ಟಲಿನಲ್ಲಿ. ಅದು ಕ್ಯಾಬರ್ನೆ ಸೋವಿನ್ಯೋ. ಬಾಯಿಗೆ ಹಾಕಿದೊಡನೆ ನಾಲಿಗೆ ಎಳೆದುಕೊಂಡಿತು, ಒಸಡು ಒಣಗಿತು, ಕೆನ್ನೆಯ ಒಳಮೈ ಒಂದಕ್ಕೊಂದು ಹತ್ತಿಕೊಂಡಿತು. ಇದಕ್ಕೆ ಟ್ಯಾನಿನ್ ಕಾರಣ, ಸಿಪ್ಪೆ ಮತ್ತು ಬೀಜದಿಂದ ಬರುತ್ತದೆ ಎಂದು ಹುಡುಗಿ ಕೈ ಮುಷ್ಟಿ ಮಾಡಿ, ಬಿಚ್ಚಿ, ತುಟಿ ಸೊಟ್ಟ ಮಾಡಿ ಐದು ನಿಮಿಷ ವಿವರಿಸಿದಳು. ಪಕ್ಕದಲ್ಲಿದ್ದ ಮುಂಬಯಿಯ ದಂಪತಿಗೆ ಅರ್ಥವಾಗಲಿಲ್ಲ. ನನ್ನ ಬಾಯಿಂದ ತಾನಾಗಿ ಹೊರಬಿತ್ತು:

‘ಒಗರು.’

ಮೂರೇ ಅಕ್ಷರ. ನೇರಳೆ ಹಣ್ಣು ತಿಂದವರಿಗೆ, ಬಾಳೆಕಾಯಿ ಕಡಿದವರಿಗೆ, ಹೆಚ್ಚು ಹೊತ್ತು ಕುದಿಸಿದ ಚಹಾ ಕುಡಿದವರಿಗೆ, ಚೊಗರು ಅಡಿಕೆ ಅಗಿದವರಿಗೆ ಇದು ಗೊತ್ತು. ನಮ್ಮವರು ಎಣಿಸಿದ ಆರು ರುಚಿಗಳಲ್ಲಿ ಅದೂ ಒಂದು. ಹುಡುಗಿ ಒಂದು ಕ್ಷಣ ಯೋಚಿಸಿ ‘ತುರಟ!’ ಎಂದಳು. ಮರಾಠಿಯಲ್ಲೂ ಇತ್ತು. ಆಕೆ ಇಷ್ಟು ದಿನ ಅದನ್ನು ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಬರುತ್ತಿದ್ದಳು, ಅಷ್ಟೆ.

ಉಗುಳುವ ಪಾತ್ರೆ ಬಂದಾಗಲಂತೂ ನಮ್ಮ ಪ್ರಾಂತದ ಕೀರ್ತಿ ಎತ್ತಿ ಹಿಡಿದೆ. ಉಳಿದವರು ತುಟಿಯಿಂದ ಸೋರಿಸಿಕೊಂಡು, ಕರವಸ್ತ್ರ ಹುಡುಕುತ್ತ ಒದ್ದಾಡುತ್ತಿದ್ದರು. ಎಲಿ ಅಡಿಕಿ ಹಾಕಿಕೊಂಡು ಹುಣಸೆ ಮರದ ಕಟ್ಟೆಯಿಂದಲೇ ಗಟಾರಕ್ಕೆ ಗುರಿಯಿಡುವವರ ನಡುವೆ ಬಾಳಿದವನಿಗೆ ಇದೊಂದು ವಿದ್ಯೆಯೇ? ಎರಡು ಮಾರು ದೂರದಿಂದ ಒಂದು ಹನಿ ಆಚೀಚೆ ಆಗದಂತೆ ಹಾಕಿದೆ. ಮುಂಬಯಿಯ ದಂಪತಿ ನನ್ನನ್ನು ಹಳೆಯ ಪರಿಣತನೆಂದು ತಿಳಿದು ಯಾವ ವೈನು ಕೊಳ್ಳಬೇಕೆಂದು ಕೇಳಿದರು. ಐದರಲ್ಲಿ ಎಷ್ಟು ಉಗುಳಿದೆ, ಎಷ್ಟು ನುಂಗಿದೆ ಎಂಬ ಲೆಕ್ಕ ಇಲ್ಲಿ ಬರೆಯುವುದಿಲ್ಲ. ಈ ಪತ್ರಿಕೆಯನ್ನು ನಮ್ಮ ಮನೆಯವಳೂ ಓದುತ್ತಾಳೆ.

ಊಟದ ಹೊತ್ತಿಗೆ ತಕರಾರು ಶುರುವಾಯಿತು. ತಾಟು ರೊಟ್ಟಿಯ ಹಂಚಿನಷ್ಟು ಅಗಲ; ಅದರ ನಡುವೆ ಎರಡು ಚೂರು ಪನೀರು, ಬದಿಗೆ ಯಾರೋ ಸಾರಿಸುತ್ತ ಅರ್ಧಕ್ಕೆ ಎದ್ದು ಹೋದಂತೆ ಒಂದು ಗೀಟು ಹಸಿರು ಚಟ್ನಿ. ಇದಕ್ಕೆ ಯಾವ ವೈನು ಹೊಂದುತ್ತದೆ ಎಂದು ಅಳಿಯ ಮೆನು ಓದುತ್ತಿದ್ದ. ಅದಕ್ಕೆ ಊಟವೇ ಹೊಂದುವುದಿಲ್ಲ ಎನ್ನಿಸಿ ನಾನು ಮೇಜಿನ ಕೆಳಗೆ ಕೈಚೀಲ ಬಿಚ್ಚಿದೆ. ಸಂಕ್ರಾಂತಿಯ ಕಟಕ ಸಜ್ಜಿ ರೊಟ್ಟಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ, ಮತ್ತು ಹಣ್ಣ ಮೆಣಸಿನಕಾಯಿ ರುಬ್ಬಿದ ರಂಜಕ. ನಮ್ಮವರು ಕಾಶಿಗೆ ಹೋದರೂ ಈ ಗಂಟು ಬಿಟ್ಟು ಹೋಗುವುದಿಲ್ಲ. ಆದರೆ ಕಟಕ ರೊಟ್ಟಿಯನ್ನು ಗುಟ್ಟಾಗಿ ಮುರಿಯಲು ಬರುವುದಿಲ್ಲ ಎಂಬುದು ಅಲ್ಲಿ ತಿಳಿಯಿತು. ‘ಟಪ್’ ಎಂದದ್ದಕ್ಕೆ ಇಡೀ ಹಾಲು ತಿರುಗಿ ನೋಡಿತು. ಬಡಿಸುವ ಹುಡುಗ ಹತ್ತಿರ ಬಂದ. ಹೊರಗಿನ ತಿಂಡಿ ತರಬಾರದೆಂಬ ಫಲಕ ಅವನ ಹಿಂದೆಯೇ ಇತ್ತು. ಬಗ್ಗಿ, ಸಣ್ಣ ದನಿಯಲ್ಲಿ ಕೇಳಿದ: ‘ಭಾಕರಿ ಹೈ ಕ್ಯಾ?’ ಅವನಿಗೂ ಒಂದು ತುಂಡು ಕೊಟ್ಟೆ.

ಅಂದು ನಮ್ಮಿಬ್ಬರ ಸಂಶೋಧನೆ ಹೀಗಿದೆ. ರಂಜಕ ಹಚ್ಚಿದ ರೊಟ್ಟಿಯ ಮೇಲೆ ಕೆಂಪು ವೈನು ಕುಡಿಯಬೇಡಿ. ಒಗರು ಮತ್ತು ಆಲ್ಕೋಹಾಲ್ ಎರಡೂ ಸೇರಿ ಖಾರಕ್ಕೆ ಊದುಗೊಳವೆ ಹಿಡಿದು ಊದುತ್ತವೆ. ಅಳಿಯ ಎದ್ದು ನಿಂತು ಎರಡು ಸುತ್ತು ಹಾಕಿದ. ಅದೇ, ಚೆನ್ನಾಗಿ ತಣ್ಣಗಿರುವ, ತುಸು ಸಿಹಿ ಉಳಿಸಿದ ಶೆನಿನ್ ಬ್ಲಾಂಕ್ ಆದರೆ ರಂಜಕದ ಮೇಲೆ ಮೊಸರು ಬಿದ್ದ ಹಾಗೆ. ಗುರೆಳ್ಳಿಗೆ ಕೆಂಪೂ ನಡೆಯುತ್ತದೆ, ಎಣ್ಣೆಯ ಜಿಡ್ಡು ಒಗರನ್ನು ಹಿಡಿದು ಕೂರಿಸುತ್ತದೆ. ಬದನೆಕಾಯಿ ಎಣ್ಣಿಗಾಯಿ ಇದ್ದಿದ್ದರೆ ಇನ್ನೂ ದೂರ ಹೋಗಬಹುದಿತ್ತು.

ತಿರುಗಿ ಬರುವಾಗ ಸ್ಲೀಪರ್ ಬಸ್ಸಿನಲ್ಲಿ ನಿದ್ದೆ ಹತ್ತದೆ ಒಂದು ವಿಚಾರ ಬಂತು. ರಾಮ ಸೀತೆಯನ್ನು ಕಳೆದುಕೊಂಡದ್ದು ನಾಸಿಕದ ಪಂಚವಟಿಯಲ್ಲಿ. ಅಲ್ಲಿಂದ ತೆಂಕಣಕ್ಕೆ ನಡೆದು ಬಂದು ಶಬರಿಯನ್ನು ಕಂಡದ್ದು, ನಮ್ಮ ಪ್ರಕಾರ, ಸುರೇಬಾನದ ಶಬರಿಕೊಳ್ಳದಲ್ಲಿ. ಅಂದರೆ ನಾನೀಗ ಮಲಗಿದ್ದದ್ದು ರಾಮನ ದಾರಿಯಲ್ಲೇ, ಮೇಲಿನ ಬರ್ತಿನಲ್ಲಿ. ಹಂಪಿ ಆನೆಗೊಂದಿಯವರು ಶಬರಿ ತಮ್ಮವಳೆಂದು ವಾದಿಸುತ್ತಾರೆ, ಪಂಪಾಸರೋವರ ತೋರಿಸುತ್ತಾರೆ; ಗ್ರಂಥವೂ ಅವರ ಕಡೆಗೇ ಕೊಂಚ ವಾಲುತ್ತದೆ. ಇರಲಿ. ಹಂಪಿಯ ಕಡೆ ಈಗ ವೈನಿನ ದ್ರಾಕ್ಷಿ ತೋಟಗಳೂ ಎದ್ದಿವೆ. ದ್ರಾಕ್ಷಿ ಅವರು ಇಟ್ಟುಕೊಳ್ಳಲಿ, ಬಾರಿ ಹಣ್ಣು ನಮಗೆ ಬಿಡಲಿ.

ಬಾರಿ ಹಣ್ಣಿನ ದಿನಗಳೇ ಅವು. ಮರುದಿನ ಅಳಿಯನೊಂದಿಗೆ ಕೊಳ್ಳಕ್ಕೆ ಹೋದಾಗ ದಾರಿಯಲ್ಲಿ ಒಬ್ಬ ಮುದುಕಿ ಪುಟ್ಟಿಯಲ್ಲಿ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಅರ್ಧ ಹಸಿರು, ಅರ್ಧ ಇಟ್ಟಂಗಿ ಬಣ್ಣ, ಕೆಲವು ಸುಕ್ಕುಗಟ್ಟಿದವು. ಅಳಿಯ ನುಣ್ಣಗಿದ್ದುದಕ್ಕೆ ಕೈ ಹಾಕಿದ. ‘ಅದು ಬರೇ ನೀರು, ಸುಕ್ಕಿದ್ದು ತಗೋ, ಸಿಹಿ ಒಳಗ ಇಳದೈತಿ’ ಎಂದು ಅವಳು ಒಂದನ್ನು ಹೆಬ್ಬೆರಳಿನಿಂದ ಒತ್ತಿ, ಮೂಸಿ, ತೊಟ್ಟಿನ ಬಳಿ ಹುಳದ ತೂತು ಇಲ್ಲವೆಂದು ತಿರುಗಿಸಿ ನೋಡಿ ಕೊಟ್ಟಳು. ನೋಡುವುದು, ತಿರುಗಿಸುವುದು, ಮೂಸುವುದು. ಅಳಿಯ ನನ್ನ ಮುಖ ನೋಡಿದ.

ವಾಲ್ಮೀಕಿಯಲ್ಲಿ ಶಬರಿ ಹಣ್ಣು ಕಚ್ಚಿ ನೋಡಿದ ಮಾತಿಲ್ಲ. ಕಾಡಿನ ಫಲ ಕೂಡಿಟ್ಟಿದ್ದಳು, ಅಷ್ಟೆ. ಎಂಜಲಿನ ಕಥೆ ಸೇರಿಸಿದವರು ಆಮೇಲಿನ ಭಕ್ತರು. ಅವರಿಗೆ ಬಾರಿ ಹಣ್ಣಿನ ಸ್ವಭಾವ ಗೊತ್ತಿತ್ತು. ಹೊರಗಿನಿಂದ ನೋಡಿ ಹುಳಿ, ಒಗರು, ಸಿಹಿ ಹೇಳಲು ಬಾರದ ಹಣ್ಣದು; ಕಚ್ಚಲೇಬೇಕು. ನಾಸಿಕದ ಹುಡುಗಿ ನಮಗೆ ಉಗುಳಿರಿ ಎಂದಿದ್ದಳು. ಶಬರಿ ಹುಳಿ ಬಂದದ್ದನ್ನು ಉಗುಳಿದಳು, ಸಿಹಿ ಬಂದದ್ದನ್ನು ಬಾಯಿಂದ ತೆಗೆದು ಇನ್ನೊಬ್ಬನಿಗೆ ಕೊಟ್ಟಳು. ಆ ಕೆಲಸಕ್ಕೆ ಪಗಾರ ಕೊಡುವ ತೋಟ ನಾಸಿಕದಲ್ಲಿ ಇಲ್ಲ.

ಮನೆಗೆ ಬಂದು ಅಳಿಯ ಚೀಲದಿಂದ ಒಂದು ಕೆಂಪು ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ನಾನು ಬಾಗಿಲ ಕಡೆ ನೋಡಿದೆ. ಎಂಬತ್ತಾರು ವರ್ಷದ ನಮ್ಮವ್ವ ಆಗಷ್ಟೇ ಊಟ ಮುಗಿಸಿ ಗೋಡೆಗೆ ಆತು ಕೂತಿದ್ದಳು. ಕಣ್ಣು ಮಂಜು, ಬಾಟಲಿಯ ಆಕಾರ ಮಾತ್ರ ಕಾಣಿಸುತ್ತದೆ.

‘ಹೊಸಾದು ತಂದೇನ? ನಂದು ಮುಗಿಯಾಕ ಬಂದಿತ್ತು’ ಎಂದಳು.

ಅವ್ವ ಇಪ್ಪತ್ತು ವರ್ಷದಿಂದ ಊಟವಾದ ಮೇಲೆ ಮೂರು ಚಮಚ ದ್ರಾಕ್ಷಾರಿಷ್ಟಕ್ಕೆ ಅಷ್ಟೇ ನೀರು ಬೆರೆಸಿ ಕುಡಿಯುತ್ತಾಳೆ. ಅಳಿಯ ಹೋಗಿ ಆ ಬಾಟಲಿ ತಂದು ಬೆಳಕಿಗೆ ಹಿಡಿದು ಓದಿದ. ಒಣದ್ರಾಕ್ಷಿ, ಬೆಲ್ಲ, ದಾಲ್ಚಿನ್ನಿ, ಏಲಕ್ಕಿ, ನಾಗಕೇಸರ, ಹಿಪ್ಪಲಿ. ಕೆಳಗೆ ಸಣ್ಣ ಅಕ್ಷರದಲ್ಲಿ: ತಾನಾಗಿ ಹುಟ್ಟಿದ ಆಲ್ಕೋಹಾಲ್ ಇದೆ. ಮತ್ತೆ ಓದಿದ. ಕಷಾಯ ಕಾಯಿಸಿ, ಬೆಲ್ಲ ಹಾಕಿ, ಬಾಯಿ ಕಟ್ಟಿ ದಿನಗಟ್ಟಲೆ ಹುಳಿಯಲು ಬಿಡುವುದೇ ಅರಿಷ್ಟ. ನಾನು ಅರವತ್ತು ವರ್ಷ ಅಸುರನಾಗಿ ಕಳೆದ ಮನೆಯಲ್ಲಿ ಅವ್ವ ಒಬ್ಬಳೇ ದಿನಾ ಊಟದ ಮೇಲೆ ಸುರರ ಕಡೆ ಸೇರಿಕೊಂಡಿದ್ದಳು.

‘ಆಯಿ, ಇದ್ರಾಗ ಹೋದ ಬಾಟಲಿಗೂ ಈ ಬಾಟಲಿಗೂ ಫರಕ ಗೊತ್ತಾಗತೈತೇನ?’ ಅಳಿಯ ಕೇಳಿದ.

‘ಗೊತ್ತಾಗದ ಏನ? ಹೋದದ್ದು ದಪ್ಪ ಇತ್ತು, ಲವಂಗದಂಗ ಹಿಂದ ನಿಲ್ಲತಿತ್ತು. ಇದು ನೀರ ನೀರ.’

ಅಳಿಯ ಇನ್ನು ತಡೆಯಲಿಲ್ಲ. ನಾಸಿಕದ ಬಾಟಲಿಯ ಬಿರಡೆ ಕಿತ್ತು, ಅವ್ವನ ಸ್ಟೀಲು ವಾಟಗದಲ್ಲಿ ತಳ ಮುಚ್ಚುವಷ್ಟು ಹಾಕಿ ಕೈಗೆ ಕೊಟ್ಟ. ನಾನು ಬೇಡವೆನ್ನುವಷ್ಟರಲ್ಲಿ ಅವಳು ಮೂಗಿನ ಹತ್ತಿರ ಹಿಡಿದಿದ್ದಳು. ಕಣ್ಣು ಮುಚ್ಚಿ ನಾಲಿಗೆಯ ತುದಿ ತಾಗಿಸಿದಳು. ಕೆನ್ನೆ ಒಳಗೆ ಹೋಯಿತು. ವಾಟಗ ಕೆಳಗಿಟ್ಟು, ಸೆರಗಿನಿಂದ ತುಟಿ ಒರೆಸಿಕೊಂಡಳು.

‘ದ್ರಾಕ್ಷಿ ಛಲೋ ಅದಾವ. ಬೆಲ್ಲ ಹಾಕೂದ ಮರತಾರ.’